ಒಂದೇ ಗಾಯ, ಎರಡು ದಾರ: ಗಂಗಾವತಿಯ ಹಮಾಲರೊಬ್ಬರ ಪ್ರಕರಣ

ಆಪರೇಷನ್ ಆದಮೇಲೆ ಚರ್ಮಕ್ಕೆ ಯಾವ ದಾರ ಹಾಕಬೇಕು ಅನ್ನುವುದನ್ನು ನಾವು ಸರ್ಜನ್‌ಗಳು ಬಹಳ ಸಲ ರೂಢಿಯ ಮೇಲೆ ತೀರ್ಮಾನಿಸುತ್ತೇವೆ. ಕಲಿಸಿದ ಗುರುಗಳು ಸಿಲ್ಕ್ ಹಾಕುತ್ತಿದ್ದರೆ ನಾವೂ ಸಿಲ್ಕ್. ಅವರು ನೈಲಾನ್ ಅಂದರೆ ನಾವೂ ನೈಲಾನ್. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಅವಕಾಶ ಸಿಗುವುದು ಕಡಿಮೆ. ಒಬ್ಬರ ಚರ್ಮ ಇನ್ನೊಬ್ಬರ ಹಾಗೆ ಇರುವುದಿಲ್ಲ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಬೀಡಿ. ಈ ಪ್ರಕರಣದಲ್ಲಿ ಮನುಷ್ಯ ಒಬ್ಬರೇ, ಗಾಯ ಒಂದೇ, ಹೊಲಿದ ಕೈಯೂ ಒಂದೇ. ದಾರ ಮಾತ್ರ ಎರಡು. ಅದಕ್ಕೇ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ರೋಗಿಯ ಒಪ್ಪಿಗೆ ಇದೆ, ಅವರ ಹೆಸರು ಬಿಟ್ಟಿದ್ದೇನೆ.

ರೋಗಿ

ಇವರಿಗೆ 42 ವರ್ಷ. ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ. ಮೀಸೆ ಮೂಡುವ ಮೊದಲೇ ಚೀಲ ಹೊರಲು ಶುರು ಮಾಡಿದವರು. ತುಂಗಭದ್ರಾ ಎಡದಂಡೆ ಕಾಲುವೆಯ ಈ ಭಾಗದಲ್ಲಿ ಭತ್ತದ ಲೆಕ್ಕ ನಡೆಯುವುದೇ 75 ಕೆ.ಜಿ. ಚೀಲದಲ್ಲಿ. ಆ ಚೀಲವನ್ನು ಅವರು ಬಲ ಹೆಗಲ ಹಿಂದೆ, ಬೆನ್ನಿನ ಮೇಲ್ಭಾಗಕ್ಕೆ ಒರಗಿಸಿ ಹೊರುತ್ತಾರೆ. ಸರಿಯಾಗಿ ಅಲ್ಲೇ ಒಂದು ಗಡ್ಡೆ ಬೆಳೆದಿತ್ತು. ಕೈಯಿಂದ ಮುಟ್ಟಿದರೆ ಮೆತ್ತಗೆ, ಒತ್ತಿದರೆ ಬೆರಳ ಕೆಳಗೆ ಜಾರುತ್ತಿತ್ತು. ಉದ್ದ ಸುಮಾರು 6 ಸೆಂ.ಮೀ. ಕೊಬ್ಬಿನ ಗಡ್ಡೆ, ಅಂದರೆ ಲಿಪೋಮಾ. ಎಡ ಮುಂಗೈಯ ಹೊರಭಾಗದಲ್ಲಿ 3 ಸೆಂ.ಮೀ.ನ ಇನ್ನೊಂದು ಇತ್ತು. ಮುಂಗೈಯದು ನೋವಿಲ್ಲ, ತೊಂದರೆ ಇಲ್ಲ. ಬೆನ್ನಿನದು ಮಾತ್ರ ಚೀಲ ಕೂತಾಗಲೆಲ್ಲ ನೋಯುತ್ತಿತ್ತು.

ಲಿಪೋಮಾ ಕ್ಯಾನ್ಸರ್ ಅಲ್ಲ. ನೋವಿಲ್ಲದಿದ್ದರೆ ಮುಟ್ಟದೆ ಬಿಡಬಹುದು. ಆದರೆ ದುಡಿಮೆಗೇ ಅಡ್ಡ ಬಂದರೆ ತೆಗೆಯಬೇಕಾಗುತ್ತದೆ. ಸುಗ್ಗಿ ಶುರುವಾಗುವ ಮುಂಚೆ ಮುಗಿಸಿಕೊಡಿ ಎಂದು ಅವರೇ ಕೇಳಿದರು. ಅಕ್ಟೋಬರ್ ಕೊನೆಯ ವಾರ ನಿಗದಿಯಾಯಿತು. ಸಕ್ಕರೆ ಪರೀಕ್ಷೆ, ರಕ್ತದೊತ್ತಡ ಸರಿಯಾಗಿದ್ದವು. ಬೀಡಿ ಸೇದುತ್ತಾರೆ. ಬೀಡಿ ಸೇದಿದರೆ ಚರ್ಮದ ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ಗಾಯಕ್ಕೆ ಆಮ್ಲಜನಕ ಕಡಿಮೆ ಹೋಗುತ್ತದೆ, ಮಾಯುವುದು ನಿಧಾನ ಆಗುತ್ತದೆ. ಆಪರೇಷನ್‌ಗೆ ಮುಂಚೆ ನಾಲ್ಕು ವಾರ, ಆಮೇಲೆ ನಾಲ್ಕು ವಾರ ಬಿಡಿ ಅಂದೆ. ಕಡಿಮೆ ಮಾಡಿದರು, ಪೂರ್ತಿ ಬಿಡಲಿಲ್ಲ.

ಟೇಬಲ್ ಮೇಲೆ

ಎರಡೂ ಗಡ್ಡೆ ಒಂದೇ ದಿನ, ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತೆಗೆದೆವು. ಬೆನ್ನಿನ ಗಾಯ 7 ಸೆಂ.ಮೀ. ಉದ್ದ, ಓರೆಯಾಗಿ ಒಂದು ತುದಿ ಹೆಗಲ ಕಡೆ, ಇನ್ನೊಂದು ಬೆನ್ನುಮೂಳೆ ಕಡೆ. ಗಡ್ಡೆ ಈಚೆ ಬಂದಮೇಲೆ ಒಳಗೆ ಒಂದು ಖಾಲಿ ಜಾಗ ಉಳಿಯುತ್ತದೆ. ಅದನ್ನು ಹಾಗೇ ಬಿಟ್ಟು ಮೇಲಿನ ಚರ್ಮ ಮಾತ್ರ ಹೊಲಿದರೆ ಒಳಗೆ ನೀರು ತುಂಬುತ್ತದೆ. ಆದ್ದರಿಂದ ಮೊದಲು ಒಳಪದರ. ಅದಕ್ಕೆ ಪಾಲಿಗ್ಲಾಕ್ಟಿನ್ ಅನ್ನುವ ಕರಗುವ ದಾರ, ತ್ರೀ ಝೀರೋ ದಪ್ಪದ್ದು. ಝೀರೋ ಹೆಚ್ಚಿದಷ್ಟೂ ದಾರ ಸಣ್ಣ. ತ್ರೀ ಝೀರೋ ಅಂದರೆ ಸುಮಾರು 0.2 ಮಿ.ಮೀ., ಫೈವ್ ಝೀರೋ ಅದರ ಅರ್ಧ. ಗಂಟು ಕೆಳಮುಖವಾಗಿ ಆಳದಲ್ಲಿ ಕೂರುವ ಹಾಗೆ ಹಾಕಿದೆ. ಇಷ್ಟಾದಾಗಲೇ ಚರ್ಮದ ಎರಡೂ ಅಂಚು ಒಂದಕ್ಕೊಂದು ತಾಗಿ ನಿಂತಿದ್ದವು. ಮೇಲಿನ ಹೊಲಿಗೆಗೆ ಎಳೆಯುವ ಕೆಲಸ ಏನೂ ಉಳಿದಿರಲಿಲ್ಲ, ಅಂಚನ್ನು ಸರಿಯಾಗಿ ಕೂರಿಸಿದರೆ ಸಾಕಿತ್ತು.

ಚರ್ಮಕ್ಕೆ ತ್ರೀ ಝೀರೋ ನೈಲಾನ್ ತೆಗೆದುಕೊಂಡೆ. ಹೆಗಲ ಕಡೆಯಿಂದ ಒಂದೊಂದಾಗಿ ಬಿಡಿ ಹೊಲಿಗೆ ಹಾಕುತ್ತಾ ಬಂದೆ. ಆರನೇ ಹೊಲಿಗೆ ಮುಗಿದಾಗ ಸೂಜಿಯ ಬುಡದಿಂದ ದಾರ ಕಿತ್ತು ಬಂತು. ಈ ಸೂಜಿಗಳಿಗೆ ಕಣ್ಣು ಇರುವುದಿಲ್ಲ. ಕಾರ್ಖಾನೆಯಲ್ಲೇ ದಾರವನ್ನು ಸೂಜಿಯ ಬುಡಕ್ಕೆ ಒತ್ತಿ ಸೇರಿಸಿರುತ್ತಾರೆ. ಒಮ್ಮೊಮ್ಮೆ ಹೀಗೆ ಬಿಟ್ಟುಕೊಳ್ಳುತ್ತದೆ. ಆ ಹೊತ್ತಿಗೆ ಥಿಯೇಟರಿನಲ್ಲಿ ಇದ್ದ ಇನ್ನೊಂದು ನೈಲಾನ್ ಫೈವ್ ಝೀರೋ. ಅದು ಮುಖಕ್ಕೆ ಹಾಕುವಂಥದ್ದು, ಬೆನ್ನಿಗೆ ತೀರಾ ಸಣ್ಣ. ಟ್ರೇಯಲ್ಲಿ ತ್ರೀ ಝೀರೋ ಸಿಲ್ಕ್ ಇತ್ತು. ಉಳಿದ ನಾಲ್ಕು ಹೊಲಿಗೆಗೆ ಸಿಲ್ಕ್ ಹಾಕಿದೆ. ಹೆಗಲ ಕಡೆ ಆರು ನೈಲಾನ್, ಬೆನ್ನುಮೂಳೆ ಕಡೆ ನಾಲ್ಕು ಸಿಲ್ಕ್ ಎಂದು ಕೇಸ್ ಶೀಟಿನಲ್ಲಿ ಚಿತ್ರ ಸಮೇತ ಬರೆಸಿದೆ.

ಮುಂಗೈಗೆ ಬೇರೆ ದಾರಿ. ಅಲ್ಲಿ ಎಳೆತ ಕಡಿಮೆ, ಗಾಯ ಸಣ್ಣದು. ಪಾಲಿಗ್ಲೆಕಾಪ್ರೋನ್ ಅನ್ನುವ ಕರಗುವ ಒಂಟಿ ಎಳೆಯ ದಾರ, ಫೋರ್ ಝೀರೋ, ಬಣ್ಣ ಇಲ್ಲದ್ದು. ಚರ್ಮದ ಒಳಗೇ ಅಡ್ಡಡ್ಡ ಓಡಿಸಿಕೊಂಡು ಹೋಗಿ ಮುಗಿಸಿದೆ. ಹೊರಗೆ ಏನೂ ಕಾಣುವುದಿಲ್ಲ, ಬಿಚ್ಚುವ ತಾಪತ್ರಯ ಇಲ್ಲ.

ಎರಡೂ ಗಡ್ಡೆ ಬಯಾಪ್ಸಿಗೆ ಹೋದವು. ಲಿಪೋಮಾ ಎಂದೇ ವರದಿ ಬಂತು.

ಸಿಲ್ಕ್ ಮತ್ತು ನೈಲಾನ್

ಕೈಗೆ ಸಿಲ್ಕಿನಷ್ಟು ಹಿತವಾದ ದಾರ ಇನ್ನೊಂದಿಲ್ಲ. ಮೆತ್ತಗೆ ಬಾಗುತ್ತದೆ, ಗಂಟು ಹಾಕಿದಲ್ಲಿ ಕೂರುತ್ತದೆ. ಮೂರು ಸುತ್ತು ಹಾಕಿದರೆ ಜಾರುವುದಿಲ್ಲ. ಅಗ್ಗ ಕೂಡ. ಹಳೆಯ ತಲೆಮಾರಿನ ಸರ್ಜನ್‌ಗಳಿಗೆ ಅದರ ಮೇಲೆ ಪ್ರೀತಿ ಇರುವುದರಲ್ಲಿ ಆಶ್ಚರ್ಯ ಇಲ್ಲ. ಹುಳು ನೂಲುವ ರೇಷ್ಮೆಯ ಮೇಲೆ ಸೆರಿಸಿನ್ ಅನ್ನುವ ಅಂಟು ಇರುತ್ತದೆ. ಅದು ಮೈಗೆ ಆಗಿಬರುವುದಿಲ್ಲ, ಹಾಗಾಗಿ ಅದನ್ನು ತೆಗೆದು, ಉಳಿದ ಫೈಬ್ರಾಯಿನ್ ಎಳೆಗಳನ್ನು ಹೆಣೆದು, ಮೇಣವನ್ನೋ ಸಿಲಿಕೋನನ್ನೋ ಸವರಿ ಹೊಲಿಗೆ ದಾರ ಮಾಡುತ್ತಾರೆ. ಹೀಗಿದ್ದರೂ ಅದು ಪ್ರಾಣಿಜನ್ಯ ಪ್ರೋಟೀನ್. ಮೈ ಅದನ್ನು ಹೊರಗಿನದು ಎಂದು ಗುರುತಿಸಿ ಸುತ್ತ ಉರಿಯೂತ ಎಬ್ಬಿಸುತ್ತದೆ.

ದೊಡ್ಡ ತೊಂದರೆ ಇರುವುದು ಆ ಹೆಣಿಗೆಯಲ್ಲಿ. ಎಳೆಗಳ ನಡುವಿನ ಸಂದು ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಬೆವರನ್ನೂ ರಕ್ತದ ನೀರನ್ನೂ ಮೇಲಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಅದರ ಜೊತೆ ಬ್ಯಾಕ್ಟೀರಿಯಾ ಕೂಡ. ಚರ್ಮದ ಮೇಲೆ ಸಾಮಾನ್ಯವಾಗಿ ಇರುವ ಸ್ಟೆಫಿಲೋಕಾಕಸ್ ಸುಮಾರು 1 ಮೈಕ್ರಾನ್ ಗಾತ್ರದ್ದು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಸಂದಿನಲ್ಲಿ ಆರಾಮಾಗಿ ಸೇರಿಕೊಳ್ಳುತ್ತದೆ. ಅದನ್ನು ತಿನ್ನಬೇಕಾದ ಬಿಳಿ ರಕ್ತಕಣ ಅದಕ್ಕಿಂತ ಸುಮಾರು ಹತ್ತು ಪಟ್ಟು ದೊಡ್ಡದು, ಒಳಗೆ ಹೋಗಲು ಆಗುವುದಿಲ್ಲ. 1957ರಲ್ಲಿ ಎಲೆಕ್ ಮತ್ತು ಕೋನೆನ್ ಎಂಬ ಇಬ್ಬರು ಸಂಶೋಧಕರು ಸ್ವಯಂಸೇವಕರ ಚರ್ಮದ ಮೇಲೆ ಒಂದು ಪ್ರಯೋಗ ಮಾಡಿದ್ದರು. ಬರೀ ಚರ್ಮದಲ್ಲಿ ಕೀವಾಗಬೇಕಾದರೆ ಹತ್ತು ಲಕ್ಷಕ್ಕೂ ಹೆಚ್ಚು ಸ್ಟೆಫಿಲೋಕಾಕಸ್ ಬೇಕಾಯಿತು. ಒಂದು ಸಿಲ್ಕ್ ಹೊಲಿಗೆ ಇದ್ದ ಕಡೆ ಕೆಲವೇ ನೂರು ಸಾಕಾದವು. ದಾರದ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಗಟ್ಟಿಯಾಗಿ ನೆನಪಲ್ಲಿ ಉಳಿದ ಮಾತು ಬೇರೆ ಇಲ್ಲ.

ನೈಲಾನ್ ಒಂಟಿ ಎಳೆ. ನುಣುಪಾಗಿದೆ, ಸಂದಿಲ್ಲ, ಹೀರುವುದಿಲ್ಲ. ಮೈ ಅದರ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ. ಆದರೆ ಕೈಗೆ ಸ್ವಲ್ಪ ಮೊಂಡು. ಪೊಟ್ಟಣದಲ್ಲಿ ಸುತ್ತಿದ್ದ ಸುರುಳಿಯನ್ನು ಮರೆಯದೆ ಮತ್ತೆ ಮತ್ತೆ ಅದೇ ಆಕಾರಕ್ಕೆ ಮರಳುತ್ತದೆ. ಗಂಟು ಜಾರುತ್ತದೆ, ಹಾಗಾಗಿ ನಾಲ್ಕೈದು ಸುತ್ತಾದರೂ ಬೇಕು. ಕತ್ತರಿಸಿದ ತುದಿ ಚೂಪಾಗಿ ನಿಲ್ಲುತ್ತದೆ. ಇದನ್ನು ನಮಗೆ ನೆನಪಿಸಿದ್ದು ರೋಗಿಯೇ. "ಸರ್ರ, ಅರ್ಧ ಹೊಲಿಗಿ ಬನಿಯನ್ನಾಗ ಚುಚ್ಚತಾವ್ರಿ, ಅರ್ಧ ಗೊತ್ತಾ ಆಗಂಗಿಲ್ಲ" ಅಂದರು. ಎರಡೂ ದಾರ ಕಪ್ಪು. ಯಾವುದು ಎಲ್ಲಿದೆ ಎಂದು ಅವರಿಗೆ ನಾವು ಹೇಳಿರಲಿಲ್ಲ. ಬೆರಳು ತೋರಿಸಿ ಹೇಳಿದ ಜಾಗ ಸರಿಯಾಗಿತ್ತು. ಮಲಗಿದಾಗ, ಅಂಗಿ ಹಾಕಿದಾಗ ಚುಚ್ಚುವುದು ಸಣ್ಣ ವಿಷಯ ಅಲ್ಲ. ಬಾಯಿಯ ಒಳಗೆ ಹೊಲಿಗೆ ಹಾಕುವಾಗ ಈಗಲೂ ಸಿಲ್ಕ್ ಬಳಕೆಯಲ್ಲಿ ಇರುವುದಕ್ಕೆ ಈ ಮೆತ್ತನೆಯ ಗುಣವೂ ಒಂದು ಕಾರಣ.

ಎಂಟನೇ ದಿನ

ಮೂರನೇ ದಿನದ ಡ್ರೆಸಿಂಗ್‌ನಲ್ಲಿ ವ್ಯತ್ಯಾಸ ಏನೂ ಕಾಣಲಿಲ್ಲ. ಎರಡು ದಿನ ಕಳೆದಮೇಲೆ ಸ್ನಾನ ಮಾಡಬಹುದು, ಗಾಯದ ಮೇಲೆ ನೀರು ಹರಿದರೆ ಏನೂ ಆಗಲ್ಲ, ಉಜ್ಜಬೇಡಿ ಎಂದು ಹೇಳಿ ಕಳಿಸಿದೆ. ಯಾರೂ ನಂಬಲಿಲ್ಲ ಅನಿಸುತ್ತದೆ. ಎಂಟನೇ ದಿನ ಬಂದಾಗ ಬೆನ್ನಿನ ಮೇಲೆ ಒಂದು ವಾರದ ಬೆವರು, ಅದರ ಮೇಲೆ ಮಿಲ್ಲಿನ ತೌಡಿನ ಧೂಳು ಹಾಗೇ ಇತ್ತು. ಕೆಲಸಕ್ಕೆ ಹೋಗಿರಲಿಲ್ಲ, ಸುಮ್ನೆ ಗೆಳೆಯರನ್ನು ನೋಡಲು ಹೋಗಿ ಕೂತಿದ್ದರಂತೆ. ನಮ್ಮ ಕಡೆ ಗಾಯಕ್ಕೆ ನೀರು ತಾಗಿದರೆ ಕೀವಾಗುತ್ತದೆ ಅನ್ನುವ ಭಯ ಬಲವಾಗಿದೆ. ಒಣಗಿದ ಬೆವರು ಮತ್ತು ಧೂಳು ಅದಕ್ಕಿಂತ ಕೆಟ್ಟದ್ದು ಎಂದು ಒಪ್ಪಿಸುವುದು ಕಷ್ಟ.

ಗಾಯ ಒರೆಸಿ ಬೆಳಕಿಗೆ ಹಿಡಿದು ನೋಡಿದೆವು. ನೈಲಾನ್ ಕಡೆಯ ಆರು ಹೊಲಿಗೆಯ ರಂಧ್ರಗಳು ಸ್ವಚ್ಛ. ಅಂಚಿನಲ್ಲಿ ತೆಳ್ಳಗೆ ಒಣಗಿದ ರಕ್ತದ ಗೆರೆ, ಅಷ್ಟೇ. ಸಿಲ್ಕ್ ಕಡೆ ನಾಲ್ಕರಲ್ಲಿ ಮೂರಕ್ಕೆ ಸುತ್ತ ಕೆಂಪು ಉಂಗುರ. ದಾರ ಊದಿಕೊಂಡಿತ್ತು, ಗಂಟಿನ ಮೇಲೆ ಹಳದಿ ಹಕ್ಕಳೆ ಅಂಟಿತ್ತು. ಒತ್ತಿದರೆ ಸ್ವಲ್ಪ ನೋವು. ಜ್ವರ ಇಲ್ಲ, ಸುತ್ತಮುತ್ತ ಗಟ್ಟಿಯಾಗಿರಲಿಲ್ಲ. ಇದಕ್ಕೆ ಆ್ಯಂಟಿಬಯಾಟಿಕ್ ಬೇಕಿಲ್ಲ ಎಂದು ನಿರ್ಧರಿಸಿದೆ. ಕೆಂಪಾಗಿದ್ದ ಆ ಮೂರನ್ನು ಅಲ್ಲೇ ತೆಗೆದುಬಿಡೋಣ ಅಂದೆ. ಒಳಪದರ ಇದ್ದದ್ದರಿಂದ ಗಾಯ ಬಿಚ್ಚಿಕೊಳ್ಳುವ ಭಯ ಇರಲಿಲ್ಲ. ರೋಗಿ ಒಪ್ಪಲಿಲ್ಲ. ಎಲ್ಲ ಹೊಲಿಗೆ ಒಂದೇ ದಿನ ಬಿಚ್ಚಿ, ಈಗ ಬೇಡ ಅಂದರು. ಬಿಚ್ಚಿದರೆ ಗಾಯ ತೆರೆದುಕೊಳ್ಳುತ್ತದೆ ಅನ್ನುವ ಅಳುಕು ಕಣ್ಣಲ್ಲೇ ಕಾಣುತ್ತಿತ್ತು. ಹನ್ನೆರಡನೇ ದಿನ ತಪ್ಪದೇ ಬನ್ನಿ ಎಂದು ಹೇಳಿ ಕಳಿಸಿದೆವು.

ಮುಂಗೈ ಗಾಯ ಒಂದು ಗೆರೆ ಎಳೆದ ಹಾಗೆ ಮಾಯುತ್ತಿತ್ತು.

ಹದಿನೆಂಟನೇ ದಿನ

ಹನ್ನೆರಡನೇ ದಿನ ಅವರು ಬರಲಿಲ್ಲ. ಅಷ್ಟರಲ್ಲಿ ಭತ್ತದ ಲಾರಿಗಳು ಮಿಲ್ಲಿಗೆ ಬರಲು ಶುರುವಾಗಿದ್ದವು. ಸುಗ್ಗಿಯ ಆ ವಾರಗಳ ದುಡಿಮೆಯ ಮೇಲೆ ಹಮಾಲರ ಮನೆಯ ವರ್ಷದ ಲೆಕ್ಕ ನಿಂತಿರುತ್ತದೆ. ಹತ್ತನೇ ದಿನದಿಂದಲೇ ಚೀಲ ಹೊರಲು ಹೋಗಿದ್ದರು. ಬಲ ಹೆಗಲ ಮೇಲೆ ಟವೆಲ್ ಮಡಚಿ ಇಟ್ಟುಕೊಂಡು, ಅದೇ ಬೆನ್ನಿನ ಮೇಲೆ.

ಹದಿನೆಂಟನೇ ದಿನ ಹೆಂಡತಿ ಜೊತೆ ಬಂದರು. ಸಿಲ್ಕ್ ಕಡೆ ಎರಡು ಹೊಲಿಗೆಯ ಬುಡದಲ್ಲಿ ಕೀವಿನ ಗುಳ್ಳೆ ಇತ್ತು, ಜೋಳದ ಕಾಳಿಗಿಂತ ಚಿಕ್ಕದು. ದಾರ ಒಣಗಿದ ಕೀವಿನಲ್ಲಿ ಹೂತು ಕತ್ತರಿಗೆ ಸಿಗುತ್ತಿರಲಿಲ್ಲ. ಸಲೈನ್‌ನಲ್ಲಿ ನೆನೆಸಿದ ಹತ್ತಿ ಇಟ್ಟು, ಮೆತ್ತಗಾದ ಮೇಲೆ ಗಂಟನ್ನು ಮೇಲೆತ್ತಿ, ಚರ್ಮಕ್ಕೆ ಅಂಟಿಕೊಂಡಂತೆ ಒಂದು ಕಡೆ ಕತ್ತರಿಸಿ ಎಳೆದೆವು. ಹೀಗೆ ಕತ್ತರಿಸಬೇಕು, ಇಲ್ಲದಿದ್ದರೆ ಹೊರಗೆ ಕೊಳಕಾದ ದಾರದ ಭಾಗ ಚರ್ಮದ ಒಳಗಿನಿಂದ ಹಾದು ಬರುತ್ತದೆ. ಸಿಲ್ಕ್ ಬರುವಾಗ ಜಗ್ಗಿತು. ಹೆಣಿಗೆಯ ಒಳಕ್ಕೆ ಹೊಸ ಮಾಂಸ ಬೆಳೆದು ಹಿಡಿದುಕೊಂಡಿರುತ್ತದೆ. ರೋಗಿ ಹಲ್ಲು ಕಚ್ಚಿದರು. ನೈಲಾನ್ ಆರೂ ಸಲೀಸಾಗಿ ಜಾರಿ ಬಂದವು. ಅಷ್ಟು ಬೆವರು, ಅಷ್ಟು ಉಜ್ಜಾಟದ ಮಧ್ಯೆಯೂ ಅದರಲ್ಲಿ ಒಂದಕ್ಕೂ ಕೀವಾಗಿರಲಿಲ್ಲ. ಚೀಲ ಕೂರುವುದು ಹೆಗಲ ಕಡೆ, ಅಂದರೆ ಜಾಸ್ತಿ ಉಜ್ಜಿದ್ದು ನೈಲಾನ್ ಇದ್ದ ಅರ್ಧಕ್ಕೆ. ಇದನ್ನು ಗಮನಿಸಬೇಕು.

ಗುಳ್ಳೆ ಒಡೆದು ಕೀವು ತೆಗೆದು ತೊಳೆದೆವು. ಆ್ಯಂಟಿಬಯಾಟಿಕ್ ಕೊಡಲಿಲ್ಲ. ಕೀವಿಗೆ ಕಾರಣವಾದ ದಾರ ಈಚೆ ಬಂದರೆ ಈ ಥರದ ಸಣ್ಣ ಬಾವು ತಾನೇ ಇಳಿಯುತ್ತದೆ. ಐದು ದಿನದಲ್ಲಿ ಒಣಗಿತು.

ಬದನೆಕಾಯಿಯ ಮಾತು

ದಾರ ತೆಗೆಯುತ್ತಿದ್ದಾಗ ಅವರ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದರು. ಗಂಡನ ಮೇಲೆ ಸಿಟ್ಟು, ಜೊತೆಗೆ ತಮ್ಮದೇ ತಪ್ಪೇನೋ ಅನ್ನುವ ಸಂಕಟ.

"ಸರ್ರ, ನಾ ಬ್ಯಾಡ ಬ್ಯಾಡ ಅಂದ್ರೂ ಎಣ್ಣಿಗಾಯಿ ಬೇಕಂದ್ರ. ಬದ್ನಿಕಾಯಿ ನಂಜು ಅಲ್ಲೇನ್ರಿ? ಅದಕ್ಕ ಕೀವಾತು."

ಅವರನ್ನು ಒಳಗೆ ಕರೆದು ಗಾಯ ತೋರಿಸಿದೆ. "ನೋಡ್ರಿ ಅಕ್ಕಾರ, ಈ ಅರ್ಧನೂ ಅವರದೇ ಬೆನ್ನು, ಆ ಅರ್ಧನೂ ಅವರದೇ. ಬದನೆಕಾಯಿ ತಿಂದದ್ದು ಒಂದೇ ಬಾಯಿ. ಕೀವಾಗಿದ್ದು ಈ ದಾರ ಇದ್ದ ಕಡೆ ಮಾತ್ರ. ಬದನೆಕಾಯಿಂದ ಆಗಿದ್ರ ಎರಡೂ ಕಡೆ ಆಗಬೇಕಿತ್ತಲ್ರಿ?"

ಅವರು ತುಂಬಾ ಹೊತ್ತು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, "ಹಂಗಾದ್ರ ಚೀಲ ಹೊತ್ತದ್ದಕ್ಕರಿ" ಅಂದರು. ಆ ಮಾತಿನಲ್ಲಿ ಸತ್ಯ ಇಲ್ಲದಿರಲಿಲ್ಲ.

ನಂಜಿನ ಪಥ್ಯದ ಬಗ್ಗೆ ನನಗೆ ನಿಜವಾದ ಕಾಳಜಿ ಇದೆ. ಆಪರೇಷನ್ ಆದವರಿಗೆ ಬದನೆ, ಮೊಟ್ಟೆ, ಮೀನು, ಕೆಲವು ಮನೆಗಳಲ್ಲಿ ಬೇಳೆ ಕೂಡ ನಿಲ್ಲಿಸಿ ಬರೀ ಗಂಜಿ, ಬ್ರೆಡ್, ರವೆ ಕೊಡುತ್ತಾರೆ. ಗಾಯ ಮಾಯಲು ಮೈ ಕೊಲಾಜೆನ್ ಅನ್ನುವ ಪ್ರೋಟೀನಿನ ಎಳೆ ಕಟ್ಟಬೇಕು. ಅದಕ್ಕೆ ಪ್ರೋಟೀನ್ ಬೇಕು, ಸಿ ಜೀವಸತ್ವ ಬೇಕು, ಸತು ಬೇಕು. ಮೊದಲೇ ಬಡಕಲಾದ ಮೈಗೆ ಎರಡು ವಾರ ಗಂಜಿ ಕೊಟ್ಟರೆ ಯಾವ ದಾರ ಹಾಕಿದರೂ ಅಷ್ಟೇ. ರೊಟ್ಟಿ, ಬೇಳೆ, ಮೊಟ್ಟೆ, ಸೊಪ್ಪು, ನಿಂಬೆ, ಎಣ್ಣೆಗಾಯಿ ಎಲ್ಲವೂ ಇರಲಿ.

ಗಾಯ ಬಿಚ್ಚದೇ ಉಳಿದದ್ದು ಯಾಕೆ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಸಿಲ್ಕಿಗೆ ಕೀವಾದದ್ದಲ್ಲ. 75 ಕೆ.ಜಿ. ಹೊತ್ತರೂ ಗಾಯ ತೆರೆದುಕೊಳ್ಳಲಿಲ್ಲವಲ್ಲ, ಅದು.

ಹೊಲಿಗೆ ಬಿಚ್ಚಿದರೆ ಗಾಯ ಪೂರ್ತಿ ಮಾಯ್ದಿದೆ ಎಂದು ಬಹಳ ಜನ ತಿಳಿಯುತ್ತಾರೆ. ಮೇಲ್ಚರ್ಮ ಎರಡು ದಿನದಲ್ಲೇ ಮುಚ್ಚಿಕೊಳ್ಳುತ್ತದೆ, ನಿಜ. ಆದರೆ ಅದರ ಕೆಳಗಿನ ಬಲ ಬೇರೆ ಲೆಕ್ಕ. ಮೊದಲ ವಾರದ ಕೊನೆಗೆ ಗಾಯಕ್ಕೆ ಇರುವುದು ಮಾಮೂಲಿ ಚರ್ಮದ ಬಲದಲ್ಲಿ ಸುಮಾರು ನೂರಕ್ಕೆ ಮೂರು ಭಾಗ. ಮೂರನೇ ವಾರಕ್ಕೆ ನೂರಕ್ಕೆ ಇಪ್ಪತ್ತು. ಮೂರು ತಿಂಗಳಿಗೆ ನೂರಕ್ಕೆ ಎಂಬತ್ತು. ಅದೇ ಅದರ ಗರಿಷ್ಠ, ಪೂರ್ತಿ ನೂರು ಯಾವತ್ತೂ ಆಗುವುದಿಲ್ಲ. ಈ ಮನುಷ್ಯ ಚೀಲ ಹೊರಲು ಹೋದಾಗ ಅವರ ಚರ್ಮಕ್ಕೆ ಸ್ವಂತ ಬಲ ಇನ್ನೂ ಬಂದಿರಲೇ ಇಲ್ಲ.

ಹಿಡಿದು ನಿಲ್ಲಿಸಿದ್ದು ಆಳದ ಪಾಲಿಗ್ಲಾಕ್ಟಿನ್. ಅದು ಎರಡು ವಾರದ ಹೊತ್ತಿಗೆ ತನ್ನ ಬಲದ ಶೇ. 75ರಷ್ಟು ಉಳಿಸಿಕೊಂಡಿರುತ್ತದೆ, ಮೂರು ವಾರಕ್ಕೆ ಶೇ. 50, ನಾಲ್ಕಕ್ಕೆ ಶೇ. 25. ಪೂರ್ತಿ ಕರಗಿ ಹೋಗಲು 56ರಿಂದ 70 ದಿನ. ಕರಗುವುದು ಮೈಯ ನೀರಿನ ಜೊತೆ ಸೇರಿ ತುಂಡಾಗುವುದರಿಂದ. ಕುರಿ, ದನದ ಕರುಳಿನಿಂದ ಮಾಡುವ ಹಳೆಯ ಕ್ಯಾಟ್‌ಗಟ್ ಹೀಗಲ್ಲ, ಅದನ್ನು ಮೈಯ ಕಿಣ್ವಗಳು ಜೀರ್ಣಿಸುತ್ತವೆ. ಆದ್ದರಿಂದ ಸೋಂಕು ಇದ್ದಲ್ಲಿ ಕ್ಯಾಟ್‌ಗಟ್ ಎಷ್ಟು ದಿನ ತಾಳುತ್ತದೆ ಎಂದು ಹೇಳಲಿಕ್ಕೇ ಆಗುವುದಿಲ್ಲ. ಪಾಲಿಗ್ಲಾಕ್ಟಿನ್ ಕೂಡ ಹೆಣೆದ ದಾರವೇ, ಸಿಲ್ಕಿನ ಹಾಗೆ ಸಂದು ಇರುವಂಥದ್ದು. ಆದರೆ ಇಲ್ಲಿ ಅದು ಪೂರ್ತಿ ಚರ್ಮದ ಕೆಳಗೆ ಇತ್ತು. ಹೊರಗಿನ ಬೆವರಿಗೂ ಅದಕ್ಕೂ ಸಂಪರ್ಕ ಇರಲಿಲ್ಲ. ಸಿಲ್ಕ್ ಹೊಲಿಗೆ ಹೊರಗೂ ಒಳಗೂ ಇರುತ್ತದೆ, ಚರ್ಮದಲ್ಲಿ ತೂತು ಹಿಡಿದುಕೊಂಡೇ ಕೂರುತ್ತದೆ. ಹೆಣೆದದ್ದೋ ಒಂಟಿ ಎಳೆಯೋ ಅನ್ನುವಷ್ಟೇ ಮುಖ್ಯ, ಅದು ಹೊರಗಾಳಿಗೆ ತೆರೆದುಕೊಂಡಿದೆಯೋ ಇಲ್ಲವೋ ಅನ್ನುವುದು.

ಹಾಗಾಗಿ ಮೈಮುರಿದು ದುಡಿಯುವವರಿಗೆ ಚರ್ಮದ ಮೇಲಿನ ದಾರ ಯಾವುದು ಎಂದು ಚರ್ಚಿಸುವ ಮೊದಲು ಒಳಪದರ ಸರಿಯಾಗಿ ಹಾಕಿದ್ದೇವಾ ಎಂದು ಕೇಳಿಕೊಳ್ಳಬೇಕು. ಒಳಗೆ ಭಾರ ಹೊರುವ ಪದರ ಇಲ್ಲದೆ ಮೇಲಿನ ದಾರವನ್ನೇ ಬಿಗಿಯಾಗಿ ಎಳೆದು ಕಟ್ಟಿದರೆ ಎರಡನೇ ದಿನದ ಊತಕ್ಕೆ ಅದು ಇನ್ನೂ ಬಿಗಿದು ಚರ್ಮವನ್ನು ಕೊಯ್ಯುತ್ತದೆ. ಅವಸರದ ಕ್ಯಾಂಪುಗಳಲ್ಲಿ ಬಿಟ್ಟುಹೋಗುವುದು ಈ ಒಳಪದರವೇ. ಐದು ನಿಮಿಷ ಉಳಿಯುತ್ತದೆ, ರೋಗಿಗೆ ಜೀವಮಾನದ ಅಗಲ ಕಲೆ ಉಳಿಯುತ್ತದೆ. ನನಗೆ ಇದರ ಬಗ್ಗೆ ಸಿಟ್ಟಿದೆ.

ದುಬಾರಿ ದಾರದ ಪ್ರಶ್ನೆ

ಔಷಧಿ ಸವರಿದ ದಾರ ಬಂದಿದೆಯಂತೆ, ದುಡ್ಡು ಹೋದರೆ ಹೋಗಲಿ, ಅದನ್ನೇ ಹಾಕಬಹುದಿತ್ತಲ್ಲ ಎಂದು ರೋಗಿಯ ಅಳಿಯ ಕೇಳಿದರು. ಓದಿದ ಹುಡುಗ, ಕೇಳಿದ್ದು ಸರಿಯಾದ ಪ್ರಶ್ನೆ. ಬ್ಯಾಕ್ಟೀರಿಯಾ ತಡೆಯುವ ಟ್ರೈಕ್ಲೋಸಾನ್ ಅನ್ನುವ ಔಷಧಿ ಸವರಿದ ದಾರಗಳಿವೆ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವನ್ನು ಬಳಸಬಹುದು ಎಂದು ಸೂಚಿಸಿತ್ತು. ಆದರೆ 2021ರಲ್ಲಿ ಪ್ರಕಟವಾದ ಫಾಲ್ಕನ್ ಅಧ್ಯಯನದಲ್ಲಿ ಭಾರತವೂ ಸೇರಿ ಏಳು ದೇಶಗಳ 54 ಆಸ್ಪತ್ರೆಗಳ 5,788 ರೋಗಿಗಳ ಹೊಟ್ಟೆಯ ಆಪರೇಷನ್‌ಗಳನ್ನು ನೋಡಿದರು. ಟ್ರೈಕ್ಲೋಸಾನ್ ದಾರದಿಂದ ಸೋಂಕು ಕಡಿಮೆಯಾಗಲಿಲ್ಲ. ಮರುವರ್ಷ ಬಂದ ಚೀತಾ ಅಧ್ಯಯನ ಇನ್ನೂ ದೊಡ್ಡದು, 13,301 ರೋಗಿಗಳು. ಅದರಲ್ಲಿ ಹೊಟ್ಟೆ ಮುಚ್ಚುವ ಮುಂಚೆ ಎಲ್ಲರೂ ಗ್ಲೌಸ್ ಬದಲಿಸಿ ಹೊಸ ಸ್ಟೆರೈಲ್ ಉಪಕರಣ ತೆಗೆದುಕೊಂಡರೆ ಸೋಂಕು ಶೇ. 18.9ರಿಂದ ಶೇ. 16ಕ್ಕೆ ಇಳಿಯಿತು. ದುಬಾರಿ ದಾರ ಕೊಡದ ಲಾಭವನ್ನು ಗ್ಲೌಸ್ ಮತ್ತು ಉಪಕರಣ ಬದಲಿಸಿದ್ದು ಕೊಟ್ಟಿತು. ಇದು ಹೊಟ್ಟೆಯ ಆಪರೇಷನ್‌ನ ಲೆಕ್ಕ, ಚರ್ಮದ ಗಡ್ಡೆಗೆ ಹಾಗೇ ಹೊಂದುವುದಿಲ್ಲ. ಆದರೂ ಜಿಲ್ಲೆಯ ಆಸ್ಪತ್ರೆಗಳಲ್ಲಿ ದುಡ್ಡು ಎಲ್ಲಿ ಹಾಕಬೇಕು ಎಂದು ಯೋಚಿಸುವಾಗ ನೆನಪಿಡುವಂಥದ್ದು.

ಸ್ಟೇಪಲ್ ಹಾಕಬಹುದಿತ್ತು, ಬೇಗ ಮುಗಿಯುತ್ತದೆ. ತಲೆಯ ಗಾಯಕ್ಕೆ ನನಗೂ ಅದೇ ಇಷ್ಟ. ಚರ್ಮ ಕೂಡಿಸಲು ಹಚ್ಚುವ ಅಂಟು ಇದೆ, ಅದು ಎಳೆತ ಇರುವ ಜಾಗಕ್ಕಲ್ಲ, ಬೆನ್ನಿಗಂತೂ ಬೇಡ. ಪಾಲಿಪ್ರೊಪಿಲೀನ್ ಅನ್ನುವ ಕರಗದ ಒಂಟಿ ಎಳೆಯ ದಾರ ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು. ನೈಲಾನ್‌ಗಿಂತಲೂ ನುಣುಪು, ಅದು ಮೈಯನ್ನು ಕೆಣಕುವುದಿಲ್ಲ, ನೀಲಿ ಬಣ್ಣ ಇರುವುದರಿಂದ ಕಪ್ಪು ಚರ್ಮದ ಮೇಲೆ ಬಿಚ್ಚುವಾಗ ಎದ್ದು ಕಾಣುತ್ತದೆ.

ಮೂರು ತಿಂಗಳಾದಾಗ

ಬೆನ್ನಿನ ಕಲೆ ಒಳ್ಳೆಯದು ಎಂದು ಹೇಳಲಾರೆ. ಅಗಲವಾಗಿದೆ, ಸಿಲ್ಕ್ ಇದ್ದ ಕಡೆ ಸ್ವಲ್ಪ ಜಾಸ್ತಿ. ಕೀವಾದ ಎರಡು ಜಾಗದಲ್ಲಿ ಉಬ್ಬಿದ ಚುಕ್ಕೆಗಳಿವೆ, ಮುಟ್ಟಿದರೆ ಗಟ್ಟಿ. ಆದರೆ ರೈಲು ಹಳಿಯಂಥ ಅಡ್ಡ ಗೆರೆಗಳು ಎರಡೂ ಕಡೆ ಬಂದಿವೆ, ನೈಲಾನ್ ಕಡೆಯೂ. ಹೊಲಿಗೆ ಒಂದು ವಾರ ದಾಟಿ ಉಳಿದಷ್ಟೂ ಮೇಲ್ಚರ್ಮ ದಾರದ ದಾರಿಯಲ್ಲೇ ಒಳಕ್ಕೆ ಬೆಳೆಯುತ್ತಾ ಹೋಗುತ್ತದೆ. ಬೆನ್ನಿನ ಹೊಲಿಗೆಯನ್ನು ನಾವು ಬೇಕೆಂದೇ ಹನ್ನೆರಡು ದಿನದ ತನಕ ಬಿಡುತ್ತೇವೆ, ಅಷ್ಟು ಗುರುತನ್ನು ಒಪ್ಪಿಕೊಂಡೇ. ಹದಿನೆಂಟು ದಿನ ಜಾಸ್ತಿಯಾಯಿತು. ಅದಕ್ಕೆ ದಾರದ ಜಾತಿ ಲೆಕ್ಕಕ್ಕಿಲ್ಲ. ಬೆನ್ನಿನ ಮೇಲ್ಭಾಗದ ಚರ್ಮ ಎಷ್ಟು ಚೆನ್ನಾಗಿ ಹೊಲಿದರೂ ಕಲೆ ಅಗಲವಾಗುವ ಜಾಗ ಕೂಡ.

ಮುಂಗೈ ಕಲೆ ಹುಡುಕಿದರೆ ಸಿಗುತ್ತದೆ, ಅಷ್ಟೇ. ಅಲ್ಲೂ ಒಂದು ತಕರಾರು ಆಗಿತ್ತು. ಐದನೇ ವಾರ ಗೆರೆಯ ತುದಿಯಲ್ಲಿ ಮೊಡವೆಯಂಥದ್ದು ಎದ್ದಿತ್ತು. ಒಳಗಿನ ದಾರದ ಗಂಟು ಮೇಲಕ್ಕೆ ಬಂದಿತ್ತು. ಚಿಮಟದಲ್ಲಿ ಹಿಡಿದು ತೆಗೆದೆವು, ಮಾಯಿತು. ಈ ದಾರದ ಬಲ ಮೂರು ವಾರಕ್ಕೇ ಮುಗಿಯುತ್ತದೆ, ಆದರೆ ದಾರ ಪೂರ್ತಿ ಕರಗಲು ಮೂರು ತಿಂಗಳಿಗೂ ಮೇಲೆ ಬೇಕು. ಕರಗುವ ದಾರ ಅಂದಕೂಡಲೇ ನಿಶ್ಚಿಂತೆ ಅಲ್ಲ.

ಒಬ್ಬ ಮನುಷ್ಯನ ಒಂದು ಗಾಯದಿಂದ ಸಿಲ್ಕ್ ಕೆಟ್ಟದ್ದು ಎಂದು ಸಾಧಿಸಲು ಆಗುವುದಿಲ್ಲ. ಸಿಲ್ಕ್ ಹೊಲಿಗೆಗಳನ್ನು ಆಮೇಲೆ ಹಾಕಿದ್ದು, ಆ ಅರ್ಧ ಕೆಲವು ನಿಮಿಷ ಜಾಸ್ತಿ ತೆರೆದಿತ್ತು. ಸಿಲ್ಕ್ ಜಾರದ ದಾರವಾದ್ದರಿಂದ ಕೈ ತನಗೇ ಗೊತ್ತಿಲ್ಲದೆ ಅದನ್ನು ಒಂಚೂರು ಬಿಗಿಯಾಗಿ ಕಟ್ಟಿರಬಹುದು. ಆದರೆ ಕಂಡದ್ದು ದಾರದ ಗುಣದ ಬಗ್ಗೆ ಗೊತ್ತಿರುವುದಕ್ಕೆ ಸರಿಯಾಗಿ ಹೊಂದುತ್ತದೆ. ಬಿಸಿಲು, ಬೆವರು, ಧೂಳಿನಲ್ಲಿ ದುಡಿಯುವ, ಹೇಳಿದ ದಿನ ಬರುತ್ತಾರೆ ಎಂದು ಖಾತ್ರಿ ಇಲ್ಲದ ರೋಗಿಯ ಚರ್ಮಕ್ಕೆ ನಾನು ಈಗ ಸಿಲ್ಕ್ ಮುಟ್ಟುವುದಿಲ್ಲ. ನೈಲಾನ್‌ಗೂ ಅದಕ್ಕೂ ಬೆಲೆಯ ವ್ಯತ್ಯಾಸ ದೊಡ್ಡದೇನಲ್ಲ. ಥಿಯೇಟರಿನ ಕಪಾಟಿನಲ್ಲಿ ತ್ರೀ ಝೀರೋ ನೈಲಾನ್ ಕನಿಷ್ಠ ಎರಡು ಪೊಟ್ಟಣ ಇರದೆ ಕೇಸ್ ಶುರು ಮಾಡಬಾರದು ಎಂದು ಸಿಸ್ಟರ್ ಬೋರ್ಡಿನ ಮೇಲೆ ಬರೆದಿದ್ದಾರೆ.

ಮೂರು ತಿಂಗಳ ಭೇಟಿಗೆ ಅವರು ತಮ್ಮನನ್ನೂ ಕರೆತಂದಿದ್ದರು. ಲಿಪೋಮಾ ಕೆಲವು ಮನೆತನಗಳಲ್ಲಿ ಹಲವರಿಗೆ ಬರುತ್ತದೆ. ತಮ್ಮನೂ ಹಮಾಲಿ, ಗಡ್ಡೆ ಎಡ ಹೆಗಲ ಹಿಂದೆ. ಬೇಸಿಗೆ ಬೆಳೆಯ ಸುಗ್ಗಿ ಮುಗಿದ ಮೇಲೆ, ಜೂನ್‌ನಲ್ಲಿ ಮಾಡೋಣ ಎಂದು ತೀರ್ಮಾನಿಸಿದೆವು. ಒಳಗೆ ಪಾಲಿಗ್ಲಾಕ್ಟಿನ್, ಮೇಲೆ ಪಾಲಿಪ್ರೊಪಿಲೀನ್, ಹನ್ನೆರಡನೇ ದಿನ ಬಿಚ್ಚುವುದು, ಆರು ವಾರ ಚೀಲ ಹೊರುವಂತಿಲ್ಲ. ಹಮಾಲರ ಮುಕದ್ದಮರಿಗೆ ಫೋನ್ ಹಚ್ಚಿ ಮಾತಾಡಿದೆ. ಆರು ವಾರ ಆತನಿಗೆ ಚೀಲದ ಬಾಯಿ ಹೊಲಿಯುವ ಕೆಲಸ ಕೊಡಲು ಒಪ್ಪಿದ್ದಾರೆ. ಬಿಚ್ಚುವ ತಾರೀಕನ್ನು ಅವರ ಡೈರಿಯಲ್ಲೂ ಬರೆಸಿದ್ದೇನೆ.